ಫೋನ್ ಮನೇಲಿ ಬಿಟ್ಟು ಹೋಗ್ತೀರಾ? ಹಾಗಿದ್ರೆ ಮಾತ್ರ ಜಿಪಿಎಸ್ ವಾಚ್

ವಾಚಿನ ಡಬ್ಬಿ ಮೇಲೆ ‘ಜಿಪಿಎಸ್’ ಅಂತ ಬರೆದಿದೆ ಅಂದ ಮಾತ್ರಕ್ಕೆ ವಾಚಿನೊಳಗೆ ಜಿಪಿಎಸ್ ಇದೆ ಅಂತ ಅಲ್ಲ. ಫಿಟ್‌ನೆಸ್ ವಾಚ್ ಕೊಳ್ಳುವವರು ಮೊದಲು ಎಡವುವುದು ಇಲ್ಲೇ. ಒಂದೂವರೆ, ಎರಡು ಸಾವಿರ ರೂಪಾಯಿಗೆ ಸಿಗುವ ಎಷ್ಟೋ ವಾಚುಗಳ ಜಾಹೀರಾತಿನಲ್ಲಿ ಈ ಪದ ದಪ್ಪಕ್ಷರದಲ್ಲಿ ಇರುತ್ತದೆ. ಅದರ ಹಿಂದೋ ಕೆಳಗೋ ‘ಕನೆಕ್ಟೆಡ್’ ಅನ್ನುವ ಇನ್ನೊಂದು ಪದ ಸಣ್ಣಗೆ ಕೂತಿರುತ್ತದೆ. ಹಾಗಂದರೆ ಜಿಪಿಎಸ್ ಇರುವುದು ನಿಮ್ಮ ಫೋನಿನಲ್ಲಿ. ವಾಚು ಬ್ಲೂಟೂತ್ ಮೂಲಕ ಅದರಿಂದ ಮಾಹಿತಿ ಪಡೆಯುತ್ತದೆ, ಅಷ್ಟೇ. ಫೋನ್ ಮನೆಯಲ್ಲಿ ಬಿಟ್ಟು ಹೊರಟರೆ ನೀವು ಎಲ್ಲಿದ್ದೀರಿ ಅಂತ ವಾಚಿಗೆ ಗೊತ್ತೇ ಆಗುವುದಿಲ್ಲ. ಉಪಗ್ರಹದ ಸಿಗ್ನಲ್ ಹಿಡಿಯುವ ರಿಸೀವರ್ ವಾಚಿನೊಳಗೇ ಇದ್ದರೆ ಅದನ್ನು ‘ಬಿಲ್ಟ್-ಇನ್ ಜಿಪಿಎಸ್’ ಅಂತಾರೆ. ಅದಕ್ಕೆ ಬೆಲೆ ಜಾಸ್ತಿ.

ಎಷ್ಟು ಜಾಸ್ತಿ ಅನ್ನುವುದು ಕಂಪನಿ ಮೇಲೆ ಹೋಗುತ್ತದೆ. ಆದರೆ ಆ ಹೆಚ್ಚಿನ ದುಡ್ಡು ಯಾತಕ್ಕೆ ಕೊಡುತ್ತಿದ್ದೇವೆ ಅನ್ನುವುದು ಮೊದಲು ಸ್ಪಷ್ಟ ಆಗಬೇಕು. ಬಹಳ ಜನ ಅಂದುಕೊಂಡ ಹಾಗೆ ಅದು ಆರೋಗ್ಯಕ್ಕೆ ಕೊಡುವ ದುಡ್ಡಲ್ಲ. ಹೃದಯ ಬಡಿತ ನೋಡುವುದು ವಾಚಿನ ಹಿಂಬದಿಯ ಹಸಿರು ಬೆಳಕು. ನಿದ್ದೆ, ಹೆಜ್ಜೆ ನೋಡುವುದು ಒಳಗಿನ ಚಲನೆಯ ಸೆನ್ಸರ್. ಇದಕ್ಕೆಲ್ಲ ಜಿಪಿಎಸ್ ಬೇಕಿಲ್ಲ. ಜಿಪಿಎಸ್ ಮಾಡುವುದು ಮೂರೇ ಕೆಲಸ: ಎಷ್ಟು ದೂರ, ಎಷ್ಟು ವೇಗ, ಯಾವ ದಾರಿ. ಈ ಮೂರನ್ನೂ ಜೇಬಿನಲ್ಲಿರುವ ಫೋನ್ ಈಗಾಗಲೇ ಮಾಡುತ್ತದೆ. ಹಾಗಾಗಿ ಬಿಲ್ಟ್-ಇನ್ ಜಿಪಿಎಸ್‌ಗೆ ಕೊಡುವ ದುಡ್ಡು ಅಂದರೆ ಫೋನ್ ಬಿಟ್ಟು ಹೋಗುವ ಸ್ವಾತಂತ್ರ್ಯಕ್ಕೆ ಕೊಡುವ ದುಡ್ಡು. ಆ ಸ್ವಾತಂತ್ರ್ಯ ನಿಮಗೆ ಬೇಕಾ, ಬೇಡವಾ? ಉಳಿದದ್ದೆಲ್ಲ ಆಮೇಲಿನ ಮಾತು.

ತುಮಕೂರಿನಲ್ಲಿ ಬೆಳಗ್ಗೆ ಅಮಾನಿಕೆರೆ ಕಡೆ ವಾಕಿಂಗ್ ಬರುವವರನ್ನೇ ನೋಡಿ. ಎಲ್ಲರ ಹತ್ತಿರವೂ ಫೋನ್ ಇರುತ್ತದೆ. ವಾಪಸ್ ಹೋಗುವಾಗ ಸೊಪ್ಪು ತಗೋಬೇಕು, ಎಳನೀರು ಕುಡೀಬೇಕು, ಸ್ಕ್ಯಾನ್ ಮಾಡಿ ದುಡ್ಡು ಕೊಡಬೇಕು. ಮಗಳು ಬೆಂಗಳೂರಿನಿಂದ ಫೋನ್ ಮಾಡುವುದೂ ಅದೇ ಹೊತ್ತಿಗೆ. ಇವರಲ್ಲಿ ಯಾರಾದರೂ ಹದಿನೈದು ಸಾವಿರ ಕೊಟ್ಟು ಜಿಪಿಎಸ್ ವಾಚ್ ತಗೊಂಡರೆ, ಒಂದೇ ಕೆಲಸಕ್ಕೆ ಎರಡು ಯಂತ್ರ ಹೊತ್ತುಕೊಂಡು ನಡೆದ ಹಾಗೆ ಆಯಿತು.

ಹೆಜ್ಜೆ ಲೆಕ್ಕದ ಕಥೆ

ಒಟ್ಟಿಗೆ ಹೊರಟು ಒಟ್ಟಿಗೆ ಮುಗಿಸಿದ ಇಬ್ಬರು ಗೆಳೆಯರ ವಾಚಿನಲ್ಲಿ ಒಂದರಲ್ಲಿ 4.2 ಕಿಲೋಮೀಟರ್, ಇನ್ನೊಂದರಲ್ಲಿ 4.8 ಬರುವುದು ತೀರಾ ಸಾಮಾನ್ಯ. ‘ನಿಂದು ಡೂಪ್ಲಿಕೇಟ್ ಕಣೋ’ ಅಂತ ಒಬ್ಬರನ್ನೊಬ್ಬರು ರೇಗಿಸುವುದೂ ಸಾಮಾನ್ಯ. ಡೂಪ್ಲಿಕೇಟ್ ಆಗಿರಬೇಕಿಲ್ಲ. ಎರಡೂ ವಾಚುಗಳು ಅಂದಾಜು ಮಾಡುತ್ತಿವೆ, ಅಂದಾಜಿನ ದಾರಿ ಬೇರೆ ಬೇರೆ.

ಜಿಪಿಎಸ್ ಇಲ್ಲದ ವಾಚು ದೂರ ಅಳೆಯುವುದು ಹೀಗೆ. ಒಳಗಿರುವ ಆ ಚಲನೆಯ ಸೆನ್ಸರ್, ಅಂದರೆ ಆಕ್ಸೆಲೆರೋಮೀಟರ್, ಕೈ ಬೀಸುವುದನ್ನು ಗಮನಿಸಿ ಹೆಜ್ಜೆ ಎಣಿಸುತ್ತದೆ. ಆ ಸಂಖ್ಯೆಯನ್ನು ಒಂದು ಹೆಜ್ಜೆಯ ಉದ್ದದಿಂದ ಗುಣಿಸುತ್ತದೆ. ಹೆಜ್ಜೆಯ ಉದ್ದ ಅದಕ್ಕೆ ಹೇಗೆ ಗೊತ್ತು? ಆ್ಯಪ್ ಹಾಕಿಕೊಂಡ ದಿನ ನೀವು ಎತ್ತರ ತುಂಬಿದ್ದಿರಿ, ಅಲ್ವಾ? ಅದರಿಂದ. ಸಾಮಾನ್ಯವಾಗಿ ಎತ್ತರದ ಶೇ. 41ರಷ್ಟು ಅಂತ ಹಿಡಿಯುವ ರೂಢಿ ಇದೆ. 165 ಸೆಂಟಿಮೀಟರ್ ಎತ್ತರದವರಿಗೆ ಸುಮಾರು 68 ಸೆಂಟಿಮೀಟರ್ ಆಗುತ್ತದೆ. ಅದೇ ಎತ್ತರದ, ಮಂಡಿ ನೋವಿರುವ, ನಿಧಾನಕ್ಕೆ ನಡೆಯುವ ಹಿರಿಯರ ಹೆಜ್ಜೆ 60 ಸೆಂಟಿಮೀಟರೇ ಇರಬಹುದು. 7,000 ಹೆಜ್ಜೆ ನಡೆದರೆ ವಾಚು 4.76 ಕಿಲೋಮೀಟರ್ ಅನ್ನುತ್ತದೆ. ನಿಜವಾಗಿ ನಡೆದಿದ್ದು 4.2.

ಎಣಿಕೆಯಲ್ಲೂ ತಮಾಷೆಗಳಿವೆ. ವಾಚಿಗೆ ಕಾಣುವುದು ಮಣಿಕಟ್ಟು, ಕಾಲಲ್ಲ. ಅಡುಗೆಮನೆಯಲ್ಲಿ ಮುದ್ದೆ ತಿರುವಿದರೆ ನಿಂತಲ್ಲೇ ಹೆಜ್ಜೆ ಏರಬಹುದು. ಹೊಂಡ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸಿಕೊಂಡು ಕ್ಯಾತ್ಸಂದ್ರಕ್ಕೆ ಹೋಗಿಬಂದರೂ ಒಂದಿಷ್ಟು ಸೇರಿಕೊಳ್ಳಬಹುದು. ಅದೇ ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಮಾರ್ಕೆಟ್‌ನಿಂದ ಮನೆವರೆಗೆ ನಡೆದು ಬನ್ನಿ, ಕೈ ಆಡದೇ ಇರುವುದರಿಂದ ಅರ್ಧಕ್ಕರ್ಧ ಹೆಜ್ಜೆ ಲೆಕ್ಕಕ್ಕೇ ಸಿಗದಿರಬಹುದು. ಮೊಮ್ಮಗುವಿನ ತಳ್ಳುಗಾಡಿ ಹಿಡಿದು ನಡೆದರೂ ಇದೇ ಪಾಡು. ಮನೆಕೆಲಸ ಮಾಡುವ ಹೆಂಗಸರಿಗೆ ವಾಚು ಮಾಡುವ ಅನ್ಯಾಯ ಇದು, ಕೆಲವೊಮ್ಮೆ ಹೆಚ್ಚು ಕೊಟ್ಟು, ಬಹಳ ಸಲ ಕಡಿಮೆ ಕೊಟ್ಟು.

ಇಷ್ಟು ತಪ್ಪಿದ್ದರೆ ಜಿಪಿಎಸ್ಸೇ ವಾಸಿ ಅಲ್ವಾ ಅಂತ ಕೇಳಬಹುದು. ಸ್ವಲ್ಪ ತಡೆಯಿರಿ. ವಾಕಿಂಗ್ ಮಾಡುವವರಿಗೆ ಈ ತಪ್ಪಿನಿಂದ ಆಗುವ ನಷ್ಟ ಏನು? ಸಕ್ಕರೆ ಕಾಯಿಲೆಗೋ ಬಿಪಿಗೋ ಡಾಕ್ಟರು ನಡೆಯಿರಿ ಅಂದಿದ್ದರೆ ಅವರು ಹೇಳುವುದು ಸಾಮಾನ್ಯವಾಗಿ ಹೊತ್ತಿನ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯೂ ನಿಮಿಷದಲ್ಲೇ ಇದೆ: ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ ಮಾಡಬೇಕು. ಕಿಲೋಮೀಟರ್ ಸುದ್ದಿಯೇ ಅಲ್ಲಿಲ್ಲ. ನಡೆಯುವಾಗ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು, ಅಷ್ಟು ಬಿರುಸು ಸಾಕು. ನಿಮಿಷ ಎಣಿಸಲು ಉಪಗ್ರಹ ಬೇಕಾ? ಇನ್ನು ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅನ್ನುವ ಗುರಿ ಮೊದಲು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಅದನ್ನು ಬಳಸಿತು. ಗುರಿಯೇ ಅಂದಾಜಿನದ್ದು, ಅಳತೆಯೂ ಅಂದಾಜಿನದ್ದಾದರೆ ಆಕಾಶ ಕಳಚಿ ಬೀಳುವುದಿಲ್ಲ.

ಹಾಗಿದ್ದೂ ನಿಖರವಾಗಿ ಇರಲಿ ಅನ್ನುವವರಿಗೆ ಖರ್ಚಿಲ್ಲದ ದಾರಿ ಇದೆ. 400 ಮೀಟರಿನ ಓಟದ ಟ್ರ್ಯಾಕ್‌ಗೆ ಹೋಗಿ ಒಳಗಿನ ಗೆರೆ ಹಿಡಿದು ನಾಲ್ಕು ಸುತ್ತು ನಿಮ್ಮ ಮಾಮೂಲಿ ನಡಿಗೆಯಲ್ಲಿ ನಡೆಯಿರಿ. ವಾಚಿನಲ್ಲಿ ಎಷ್ಟು ಹೆಜ್ಜೆ ಬಂತು ನೋಡಿ. 2,500 ಬಂದರೆ 1,600 ಮೀಟರನ್ನು ಅದರಿಂದ ಭಾಗಿಸಿ, 64 ಸೆಂಟಿಮೀಟರ್. ಹೆಜ್ಜೆಯ ಉದ್ದ ನಾವೇ ತುಂಬುವ ಜಾಗ ಬಹಳಷ್ಟು ಆ್ಯಪ್‌ಗಳ ಸೆಟ್ಟಿಂಗ್‌ನಲ್ಲಿದೆ. ಅಲ್ಲಿ ಆ ಸಂಖ್ಯೆ ಹಾಕಿ. ಅಂಗಡಿಯಲ್ಲಿ ‘ಜಿಪಿಎಸ್ ಇದೆಯಾ’ ಅಂತ ಕೇಳುವ ಬದಲು ‘ಹೆಜ್ಜೆ ಉದ್ದ ತುಂಬೋಕೆ ಆಗುತ್ತಾ’ ಅಂತ ಕೇಳಿದರೆ ವಾಕಿಂಗ್ ಮಾಡುವವರಿಗೆ ಜಾಸ್ತಿ ಲಾಭ.

ಉಪಗ್ರಹ ಹೇಳುವುದೂ ಅಂದಾಜೇ

ಜಿಪಿಎಸ್ ಅಂದ ತಕ್ಷಣ ಸೆಂಟಿಮೀಟರ್ ಲೆಕ್ಕದಲ್ಲಿ ಸರಿಯಾಗಿ ಹೇಳುತ್ತದೆ ಅನ್ನುವ ನಂಬಿಕೆ ಇದೆ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿದರೆ ಆ ನಂಬಿಕೆ ಸ್ವಲ್ಪ ಸಡಿಲ ಆಗುತ್ತದೆ.

ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಪ್ರತಿಯೊಂದೂ ‘ನಾನು ಇಲ್ಲಿದ್ದೇನೆ, ಈಗ ಗಂಟೆ ಇಷ್ಟು’ ಅಂತ ಸದಾ ಸಾರುತ್ತಿರುತ್ತದೆ. ಆ ಸಿಗ್ನಲ್ ನಮ್ಮ ಕೈ ತಲುಪಲು ಒಂದು ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಎಷ್ಟು ತಡವಾಗಿ ಬಂತು ಅನ್ನುವುದರಿಂದ ವಾಚು ದೂರ ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹ ಸಿಕ್ಕರೆ ಜಾಗ ಗೊತ್ತಾಗುತ್ತದೆ. ಮೂರು ಸಾಲದು, ಯಾಕೆಂದರೆ ವಾಚಿನ ಗಡಿಯಾರದ ತಪ್ಪನ್ನು ತಿದ್ದಲು ನಾಲ್ಕನೆಯದು ಬೇಕು. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ಎಡವಟ್ಟಾಗುತ್ತದೆ. ಅಷ್ಟು ದೂರದಿಂದ, ಅಷ್ಟು ಕ್ಷೀಣವಾಗಿ ಬರುವ ಸಿಗ್ನಲ್ಲನ್ನು ಬೆವರಿದ ಕೈಯಲ್ಲಿ ಹಿಂದೆ ಮುಂದೆ ಆಡುವ ಪುಟ್ಟ ಆಂಟೆನಾ ಹಿಡಿಯುತ್ತದಲ್ಲ, ಅದೇ ಆಶ್ಚರ್ಯ.

ಬಯಲಿನಲ್ಲಿ, ಆಕಾಶ ಪೂರ್ತಿ ಕಾಣುವ ಜಾಗದಲ್ಲಿ, ಫೋನಿನ ಜಿಪಿಎಸ್ ಸಾಮಾನ್ಯವಾಗಿ 4.9 ಮೀಟರ್ ಆಚೆ ಈಚೆ ತೋರಿಸುತ್ತದೆ ಅಂತ ಅಮೆರಿಕ ಸರ್ಕಾರದ ಜಿಪಿಎಸ್ ವಿಭಾಗವೇ ಹೇಳುತ್ತದೆ. ವಾಚಿನ ಆಂಟೆನಾ ಫೋನಿನದಕ್ಕಿಂತ ಚಿಕ್ಕದು. ಕೆರೆ ಏರಿ ಮೇಲೆ ಇದರಿಂದ ತೊಂದರೆ ಇಲ್ಲ, ತಲೆ ಮೇಲೆ ಬರೀ ಆಕಾಶ. ನಾಮದ ಚಿಲುಮೆ ಕಡೆ ಮರಗಳ ಕೆಳಗೆ ಓಡಿದರೆ ಗೆರೆ ಅಂಕುಡೊಂಕಾಗಬಹುದು. ಮಧುಗಿರಿಯ ಏಕಶಿಲೆಯ ಮಗ್ಗುಲಲ್ಲಿ ಹತ್ತುವಾಗ ಅರ್ಧ ಆಕಾಶವನ್ನು ಬಂಡೆಯೇ ಮುಚ್ಚಿರುತ್ತದೆ. ಮೇಲಾಗಿ ಸಿಗ್ನಲ್ ಬಂಡೆಗೆ ಬಡಿದು ತಿರುಗಿ ಬರುತ್ತದೆ. ನೇರ ಬಂದದ್ದು ಯಾವುದು, ಬಡಿದು ಬಂದದ್ದು ಯಾವುದು ಅಂತ ವಾಚಿಗೆ ಗೊಂದಲ. ನೀವು ಬಂಡೆ ಮೇಲೆ ಇದ್ದರೆ ಮ್ಯಾಪಿನಲ್ಲಿ ಗಾಳಿಯಲ್ಲಿ ತೇಲುತ್ತಿರುತ್ತೀರಿ.

ಈ ಗೊಂದಲ ಕಡಿಮೆ ಮಾಡಲು ದುಬಾರಿ ವಾಚುಗಳಲ್ಲಿ ಎರಡು ತರಂಗಾಂತರ ಹಿಡಿಯುವ ಸೌಲಭ್ಯ ಇದೆ, ಎಲ್1 ಮತ್ತು ಎಲ್5. ಡ್ಯುಯಲ್ ಬ್ಯಾಂಡ್ ಅಂತ ಕರೆಯುತ್ತಾರೆ. ಎತ್ತರದ ಕಟ್ಟಡಗಳ ನಡುವೆ ಓಡುವ ಬೆಂಗಳೂರಿನವರಿಗೆ ಅದು ಪ್ರಯೋಜನಕ್ಕೆ ಬರುತ್ತದೆ. ತುಮಕೂರಿನ ರಸ್ತೆಗಳಿಗೆ ಅದರ ಅಗತ್ಯ ಇಲ್ಲ ಅಂತಲೇ ನನ್ನ ಅಭಿಪ್ರಾಯ.

ಇನ್ನೊಂದು ಮಾತು, ಓಟದ ಸ್ಪರ್ಧೆಗೆ ಬೆಂಗಳೂರಿಗೆ ಹೋಗಿಬರುವವರಿಗೆ. 10 ಕಿಲೋಮೀಟರ್ ಓಟ ಮುಗಿಸಿ ‘ನನ್ನ ವಾಚಲ್ಲಿ 10.2 ಬಂದಿದೆ, ದಾರಿ ಜಾಸ್ತಿ ಇಟ್ಟಿದ್ದಾರೆ’ ಅಂತ ಜಗಳ ತೆಗೆಯುವವರು ಇರುತ್ತಾರೆ. ಪ್ರಮಾಣೀಕೃತ ಓಟದ ದಾರಿಯನ್ನು ಅಳೆಯುವುದು ಜಿಪಿಎಸ್‌ನಿಂದ ಅಲ್ಲ, ಚಕ್ರಕ್ಕೆ ಎಣಿಕೆ ಯಂತ್ರ ಕಟ್ಟಿದ ಸೈಕಲ್ಲಿನಿಂದ. ತಿರುವುಗಳಲ್ಲಿ ಅತಿ ಹತ್ತಿರದ ಗೆರೆ ಹಿಡಿದು ಅಳೆಯುತ್ತಾರೆ. ಕಡಿಮೆ ಬೀಳಬಾರದು ಅಂತ ಸಾವಿರಕ್ಕೆ ಒಂದರಂತೆ ಹೆಚ್ಚಿಗೆ ಸೇರಿಸುತ್ತಾರೆ, 10 ಕಿಲೋಮೀಟರಿಗೆ 10 ಮೀಟರ್. ಗುಂಪಿನಲ್ಲಿ ಆಚೆ ಈಚೆ ನುಗ್ಗಿ ಓಡುವ ನಾವು ಆ ಗೆರೆ ಮೇಲೆ ಓಡಿರುವುದಿಲ್ಲ. ವಾಚಿನ ಅಲುಗಾಟವೂ ಅದಕ್ಕೆ ಸೇರುತ್ತದೆ.

ಸಾವಿರದ ಆರುನೂರು ಮೀಟರ್ ಓಡುವವರು

ನನಗೆ ನಿಜವಾಗಿ ಕಳವಳ ಆಗುವುದು ಪೊಲೀಸ್, ಸೇನೆ ಭರ್ತಿಗೆ ತಯಾರಿ ಮಾಡುವ ಹುಡುಗರ ವಿಷಯದಲ್ಲಿ. ತುಮಕೂರಿನ ಗ್ರೌಂಡ್‌ಗಳಲ್ಲಿ ನಸುಕಿನಲ್ಲೇ ಇವರು ಓಡುತ್ತಿರುತ್ತಾರೆ. ಸಿರಾ, ಪಾವಗಡ, ಕೊರಟಗೆರೆ ಕಡೆಯಿಂದ ಬಂದು ರೂಮು ಮಾಡಿಕೊಂಡು ಇರುವವರು. ಕೈಯಲ್ಲಿ ದುಡ್ಡು ಕಡಿಮೆ. ಆದರೆ ‘ಜಿಪಿಎಸ್ ವಾಚ್ ಇದ್ದರೆ ಟೈಮಿಂಗ್ ಸುಧಾರಿಸುತ್ತೆ’ ಅಂತ ಯಾವುದೋ ವಿಡಿಯೋ ನೋಡಿ ಸಾಲ ಮಾಡಿ ತಗೊಳ್ಳುವ ಯೋಚನೆ.

ಕರ್ನಾಟಕ ಪೊಲೀಸ್ ಕಾನ್‌ಸ್ಟೆಬಲ್ ಫಿಸಿಕಲ್‌ನಲ್ಲಿ ಗಂಡಸರು 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಅಗ್ನಿವೀರ್ ಭರ್ತಿಯಲ್ಲಿ ಪೂರ್ತಿ ಅಂಕ ಬೇಕಾದರೆ 1.6 ಕಿಲೋಮೀಟರಿಗೆ ಐದೂವರೆ ನಿಮಿಷ. 1,600 ಮೀಟರ್ ಅಂದರೆ 400 ಮೀಟರ್ ಟ್ರ್ಯಾಕಿನಲ್ಲಿ ಸರಿಯಾಗಿ ನಾಲ್ಕು ಸುತ್ತು. ಆರೂವರೆ ನಿಮಿಷಕ್ಕೆ ಸುತ್ತೊಂದಕ್ಕೆ ತೊಂಬತ್ತೇಳೂವರೆ ಸೆಕೆಂಡ್. ಐದೂವರೆಗೆ ಎಂಬತ್ತೆರಡೂವರೆ.

ಈ ಅಳತೆಗೆ ಜಿಪಿಎಸ್ ಬೇಡ ಅಷ್ಟೇ ಅಲ್ಲ, ಅದರಿಂದ ಕೆಡುಕೂ ಆಗಬಹುದು. ಟ್ರ್ಯಾಕಿನ ತಿರುವಿನಲ್ಲಿ ಜಿಪಿಎಸ್‌ನ ಗೆರೆ ಒಳಗೆ ಕತ್ತರಿಸುತ್ತದೆ, ಇಲ್ಲವೇ ಹೊರಗೆ ಜಾರುತ್ತದೆ. ವಾಚು ಶೇ. 2ರಷ್ಟು ಜಾಸ್ತಿ ತೋರಿಸಿತು ಅಂತ ಇಟ್ಟುಕೊಳ್ಳಿ. 32 ಮೀಟರ್ ಬಾಕಿ ಇರುವಾಗಲೇ ‘1.6 ಆಯ್ತು’ ಅಂತ ಕಂಪಿಸಿತು. ಆ ವೇಗದಲ್ಲಿ 32 ಮೀಟರಿಗೆ ಸುಮಾರು ಎಂಟು ಸೆಕೆಂಡ್. ಹುಡುಗ ಆರು ನಿಮಿಷ ಇಪ್ಪತ್ತಾರು ಸೆಕೆಂಡಿಗೆ ಮುಗಿಸಿದೆ ಅಂತ ಖುಷಿಯಲ್ಲಿ ಮಲಗುತ್ತಾನೆ. ಪರೀಕ್ಷೆ ದಿನ ಆರು ಮೂವತ್ನಾಲ್ಕು ಬರುತ್ತದೆ.

ಇವರಿಗೆ ಬೇಕಾದದ್ದು ಸ್ಟಾಪ್‌ವಾಚ್ ಮತ್ತು ಸುತ್ತು ಬರೆದಿಡುವ ಲ್ಯಾಪ್ ಬಟನ್. ಕೆಲವು ನೂರು ರೂಪಾಯಿಯ ಡಿಜಿಟಲ್ ವಾಚಿನಲ್ಲೂ ಅದು ಇದೆ. ಬಟನ್ ಒತ್ತುವಂಥದ್ದೇ ಇರಲಿ. ಬೆವರಿದ ಬೆರಳಿಗೆ ಟಚ್ ಸ್ಕ್ರೀನ್ ಕೈ ಕೊಡುತ್ತದೆ. ಇನ್ನು ಓಡುವುದು ಮೊದಲನೇ ಲೇನಿನಲ್ಲೇ ಇರಲಿ. ಲೇನಿನ ಅಗಲ 1.22 ಮೀಟರ್. ಒಂದೊಂದು ಲೇನ್ ಹೊರಗೆ ಹೋದಂತೆ ಸುತ್ತಿಗೆ ಏಳು ಮೀಟರಿಗಿಂತ ಜಾಸ್ತಿ ಸೇರುತ್ತಾ ಹೋಗುತ್ತದೆ. ನಾಲ್ಕನೇ ಲೇನಿನಲ್ಲಿ ನಾಲ್ಕು ಸುತ್ತು ಓಡಿದವನು ಸುಮಾರು 90 ಮೀಟರ್ ಹೆಚ್ಚು ಓಡಿರುತ್ತಾನೆ. ಗೆಳೆಯನಿಗಿಂತ ನಿಧಾನ ಅಂತ ಕೊರಗುವ ಮುಂಚೆ ಯಾವ ಲೇನಿನಲ್ಲಿ ಓಡಿದೆ ಅಂತ ನೋಡಿಕೊಳ್ಳಬೇಕು.

ಟ್ರ್ಯಾಕ್ ಸಿಗದ ಹಳ್ಳಿಯಲ್ಲಿ ಇದ್ದವರಿಗೆ ರಸ್ತೆ ಬದಿಯ ಕಲ್ಲುಗಳಿವೆ. ಹೆದ್ದಾರಿಗಳಲ್ಲಿ ಎರಡು ಕಿಲೋಮೀಟರ್ ಕಲ್ಲಿನ ನಡುವೆ 200 ಮೀಟರಿಗೊಂದು ಸಣ್ಣ ಕಲ್ಲು ನೆಟ್ಟಿರುತ್ತಾರೆ, ಮೇಲೆ 2, 4, 6, 8 ಅಂತ ಅಂಕಿ. ಒಂದು ಕಿಲೋಮೀಟರ್ ಕಲ್ಲಿನಿಂದ ಹೊರಟು, ನಡುವೆ ಸಿಗುವ ಕಿಲೋಮೀಟರ್ ಕಲ್ಲನ್ನೂ ಸೇರಿಸಿ ಎಂಟು ಕಲ್ಲು ದಾಟಿದರೆ 1,600 ಮೀಟರ್. ವಾಹನ ಓಡಾಡುವ ರಸ್ತೆಯಲ್ಲಿ ಓಡಿ ಅಂತ ನಾನು ಹೇಳುವುದಿಲ್ಲ. ಆ ದೂರವನ್ನು ಬೈಕಿನ ಮೀಟರ್ ಜೊತೆ ತಾಳೆ ನೋಡಿ, ಅದೇ ಬೈಕಿನಲ್ಲಿ ಊರ ಒಳದಾರಿ ಅಳೆದು ಗುರುತು ಮಾಡಿಕೊಂಡರೆ ಸಾಕು.

ಹಾಗಾದರೆ ಯಾರಿಗೆ ಬೇಕು?

ವಾರಕ್ಕೆ ಮೂರು ನಾಲ್ಕು ದಿನ ರಸ್ತೆಯಲ್ಲಿ ಉದ್ದಕ್ಕೆ ಓಡುವವರಿಗೆ ಬೇಕು, ಅನುಮಾನ ಇಲ್ಲ. ಈಗಿನ ಫೋನ್ 200 ಗ್ರಾಂ ಆಸುಪಾಸು ತೂಗುತ್ತದೆ. ಅದನ್ನು ಜೇಬಿನಲ್ಲಿ ಇಟ್ಟುಕೊಂಡು 10 ಕಿಲೋಮೀಟರ್ ಓಡುವುದು ಹಿಂಸೆ, ಕೈಯಲ್ಲಿ ಹಿಡಿದು ಓಡುವುದು ಇನ್ನೂ ಹಿಂಸೆ. ಓಡುತ್ತಿರುವಾಗಲೇ ‘ಈ ಕಿಲೋಮೀಟರ್ ಎಷ್ಟು ನಿಮಿಷಕ್ಕೆ ಬಂತು’ ಅಂತ ಮಣಿಕಟ್ಟು ನೋಡಿ ವೇಗ ತಿದ್ದಿಕೊಳ್ಳುವುದು ಅವರ ನಿತ್ಯದ ಅಭ್ಯಾಸ. ಇದು ಹೊಸ ಆಸೆಯೇನಲ್ಲ. ಕ್ಯಾಸಿಯೋ 1999ರಲ್ಲೇ ಜಿಪಿಎಸ್ ವಾಚ್ ತಂದಿತ್ತು. ಓಟಗಾರರಿಗೆ ಅಂತಲೇ ಗಾರ್ಮಿನ್ ಕಂಪನಿಯ ಫೋರ್‌ರನ್ನರ್ ಬಂದಿದ್ದು 2003ರಲ್ಲಿ, ಮಣಿಕಟ್ಟಿನ ಮೇಲೆ ಡಬ್ಬಿ ಕಟ್ಟಿಕೊಂಡ ಹಾಗಿತ್ತು. ಈಗ ಅದೇ ಕೆಲಸ ಮಾಮೂಲಿ ವಾಚಿನ ಗಾತ್ರಕ್ಕೆ ಇಳಿದಿದೆ.

ದೇವರಾಯನದುರ್ಗಕ್ಕೆ ಸೈಕಲ್ ತುಳಿಯುವವರಿಗೂ ಬೇಕು. ಆದರೆ ಬೆಟ್ಟದವರು ಜಿಪಿಎಸ್ ಜೊತೆ ಇನ್ನೊಂದನ್ನು ನೋಡಬೇಕು. ತುಮಕೂರು ನಗರ ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ದುರ್ಗದ ತುದಿ ಸುಮಾರು 1,200 ಮೀಟರ್. ಎಷ್ಟು ಹತ್ತಿದಿರಿ ಅನ್ನುವುದನ್ನು ಬರೀ ಜಿಪಿಎಸ್ ಸರಿಯಾಗಿ ಹೇಳುವುದಿಲ್ಲ. ಉಪಗ್ರಹಗಳೆಲ್ಲ ತಲೆ ಮೇಲೆಯೇ ಇರುವುದರಿಂದ ಅಡ್ಡ ಅಳತೆಗಿಂತ ಎತ್ತರದ ಅಳತೆಯಲ್ಲಿ ತಪ್ಪು ಜಾಸ್ತಿ. ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇದ್ದರೆ ಏರಿಳಿತದ ಲೆಕ್ಕ ಎಷ್ಟೋ ವಾಸಿ. ಮೆಟ್ಟಿಲು ಎಷ್ಟು ಮಹಡಿ ಹತ್ತಿದಿರಿ ಅಂತ ತೋರಿಸುವ ವಾಚುಗಳು ಬಳಸುವುದೂ ಇದನ್ನೇ. ಜಿಪಿಎಸ್ ಇದ್ದೂ ಬ್ಯಾರೋಮೀಟರ್ ಇಲ್ಲದ ವಾಚುಗಳು ಬೇಕಾದಷ್ಟಿವೆ, ಕೇಳಿಯೇ ತಗೊಳ್ಳಿ.

ಕತ್ತಲಿರುವಾಗಲೇ ಒಬ್ಬರೇ ಓಡಲು ಹೋಗುವವರು, ಅದರಲ್ಲೂ ಹೆಣ್ಣುಮಕ್ಕಳು, ಫೋನ್ ಬಿಟ್ಟು ಹೋಗಬೇಕು ಅಂತ ನಾನಂತೂ ಹೇಳುವುದಿಲ್ಲ. ಜಿಪಿಎಸ್ ವಾಚು ಸಹಾಯಕ್ಕೆ ಕರೆ ಮಾಡುವುದಿಲ್ಲ. ಫೋನ್ ಹೇಗೂ ಸೊಂಟದ ಬೆಲ್ಟಿನಲ್ಲಿ ಇರುತ್ತದೆ ಅನ್ನುವುದಾದರೆ ಕನೆಕ್ಟೆಡ್ ವಾಚೇ ಸಾಕಾಗಬಹುದು.

ಇಲ್ಲೇ ದೊಡ್ಡ ತಪ್ಪು ತಿಳಿವಳಿಕೆಯೊಂದಿದೆ. ಮರೆವಿನ ಕಾಯಿಲೆ ಇರುವ ಅಜ್ಜನಿಗೆ, ಟ್ಯೂಷನ್‌ಗೆ ಹೋಗುವ ಮಗುವಿಗೆ ‘ಎಲ್ಲಿದ್ದಾರೆ ಗೊತ್ತಾಗಲಿ’ ಅಂತ ಜಿಪಿಎಸ್ ವಾಚ್ ಕೊಡಿಸುತ್ತಾರೆ. ಜಿಪಿಎಸ್ ಕೇಳಿಸಿಕೊಳ್ಳುತ್ತದೆ, ಯಾರಿಗೂ ಹೇಳುವುದಿಲ್ಲ. ಅದಕ್ಕೆ ಇಂಟರ್‌ನೆಟ್ಟೂ ಬೇಡ, ಡೇಟಾವೂ ಖರ್ಚಾಗುವುದಿಲ್ಲ. ಅಜ್ಜ ಎಲ್ಲಿದ್ದಾರೆ ಅಂತ ವಾಚಿಗೆ ಗೊತ್ತಿರುತ್ತದೆ, ನಿಮಗೆ ಗೊತ್ತಾಗುವುದಿಲ್ಲ. ಅದನ್ನು ನಿಮ್ಮ ಫೋನಿಗೆ ಕಳಿಸಬೇಕಾದರೆ ವಾಚಿನಲ್ಲಿ ಸಿಮ್ ಇರಬೇಕು. ಅದು ಬೇರೆಯೇ ಜಾತಿಯ ವಾಚು, ಅದಕ್ಕೆ ತಿಂಗಳ ರೀಚಾರ್ಜೂ ಬೇಕು. ಅಂಗಡಿಯವರು ಈ ವ್ಯತ್ಯಾಸ ಬಿಡಿಸಿ ಹೇಳುವುದು ಅಪರೂಪ.

ನಾವಿಕ್ ಅಂತ ಬರೆದಿದ್ದರೆ?

ಕೆಲವರು ಜಿಪಿಎಸ್ ತರಹದ್ದೇ ಸ್ವದೇಶಿ ಉಪಗ್ರಹ ವ್ಯವಸ್ಥೆಯಾದ ನಾವಿಕ್ ಇರುವ ವಾಚು ಬೇಕು ಅನ್ನುತ್ತಾರೆ. ಈ ವಿಷಯದಲ್ಲಿ ತುಮಕೂರಿಗೆ ಒಂದು ನಂಟಿದೆ. ಇದು ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರು. ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ 2016ರಲ್ಲಿ ಮಾಡಿತು. ಕಾರ್ಖಾನೆಯ ಜಾಗ ಆಮೇಲೆ ಇಸ್ರೋ ಪಾಲಾಯಿತು. ವಾಚು ಮಾಡುತ್ತಿದ್ದ ಜಾಗ, ಉಪಗ್ರಹ ಹಾರಿಸುವವರ ಕೈಗೆ!

ನಾವಿಕ್ ಇಸ್ರೋದ ವ್ಯವಸ್ಥೆ. ಭಾರತ ಮತ್ತು ಸುತ್ತ 1,500 ಕಿಲೋಮೀಟರ್‌ವರೆಗೆ ಸೇವೆ ಕೊಡುವ ಉದ್ದೇಶದ್ದು. ಮೊದಲ ಸರಣಿಯ ಉಪಗ್ರಹಗಳು ಎಲ್5 ಮತ್ತು ಎಸ್ ಬ್ಯಾಂಡಿನಲ್ಲಿ ಮಾತ್ರ ಸಿಗ್ನಲ್ ಕೊಡುತ್ತಿದ್ದವು. ವಾಚುಗಳ ಸಣ್ಣ, ಅಗ್ಗದ ಚಿಪ್‌ಗಳು ಸಾಮಾನ್ಯವಾಗಿ ಹಿಡಿಯುವುದು ಎಲ್1. ಹಾಗಾಗಿ ನಾವಿಕ್ ನಮ್ಮ ತಲೆ ಮೇಲೇ ಇದ್ದರೂ ಕೈಗೆ ಸಿಗುತ್ತಿರಲಿಲ್ಲ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಎಲ್1 ಸೇರಿಸಿದರು. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ಕವಾಟದ ತೊಂದರೆಯಿಂದ ಅಂದುಕೊಂಡ ಕಕ್ಷೆ ತಲುಪಲಿಲ್ಲ. ಹೆಮ್ಮೆ ಇರಲಿ, ಬೇಡ ಅನ್ನುವುದಿಲ್ಲ. ಆದರೆ ನಾವಿಕ್ ಒಂದಕ್ಕೋಸ್ಕರ ಈಗ ಹೆಚ್ಚು ದುಡ್ಡು ಕೊಡಬೇಕಿಲ್ಲ. ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೂ, ಇವುಗಳಲ್ಲಿ ಎರಡು ಮೂರನ್ನು ಒಟ್ಟಿಗೆ ಹಿಡಿದರೆ ವಾಚಿಗೆ ಸಾಕು.

ಕನೆಕ್ಟೆಡ್ ವಾಚಿನ ಬೇನೆ, ಬಿಲ್ಟ್-ಇನ್ ವಾಚಿನ ಬೇನೆ

ಕನೆಕ್ಟೆಡ್ ವಾಚು ತಗೊಂಡವರ ದೂರು ಒಂದೇ ತರಹ: ‘ಅರ್ಧ ದಾರಿ ಸರಿ ತೋರಿಸಿತು, ಆಮೇಲೆ ಮ್ಯಾಪಿನಲ್ಲಿ ನೇರ ಗೆರೆ ಎಳೆದುಬಿಟ್ಟಿತು. ಮನೆ, ಅಂಗಡಿ ಎಲ್ಲದರ ಮೇಲೆ ಹಾರಿ ಹೋದ ಹಾಗಿದೆ.’ ಬಹಳ ಸಲ ತಪ್ಪು ವಾಚಿನದಲ್ಲ. ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸಲು ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳನ್ನು ಸುಮ್ನೆ ಮುಚ್ಚಿಬಿಡುತ್ತವೆ. ವಾಚಿನ ಆ್ಯಪ್‌ಗೆ ಲೊಕೇಶನ್ ಅನುಮತಿ ‘ಯಾವಾಗಲೂ’ ಅಂತ ಇರಲಿ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಆ ಆ್ಯಪ್‌ಗೆ ಮಿತಿ ಬೇಡ ಅಂತ ಹಾಕಿ. ಇಷ್ಟಕ್ಕೇ ಸರಿಹೋಗುವ ವಾಚನ್ನು ‘ದರಿದ್ರದ್ದು’ ಅಂತ ಡ್ರಾಯರಿಗೆ ಎಸೆದವರು ಎಷ್ಟೋ ಜನ.

ಬಿಲ್ಟ್-ಇನ್‌ನ ಬೇನೆ ಬೇರೆ. ಓಡಲು ಸಿದ್ಧವಾಗಿ ನಿಂತರೆ ವಾಚು ‘ಹುಡುಕುತ್ತಿದೆ’ ಅಂತ ನಿಲ್ಲಿಸಿಕೊಳ್ಳುತ್ತದೆ. ಉಪಗ್ರಹ ತನ್ನ ಕಕ್ಷೆಯ ವಿವರ ಕಳಿಸಲು ಅರ್ಧ ನಿಮಿಷ ಬೇಕು. ನಡುವೆ ಸಿಗ್ನಲ್ ತಪ್ಪಿದರೆ ಮತ್ತೆ ಮೊದಲಿಂದ. ಹಿಂದಿನ ರಾತ್ರಿ ವಾಚನ್ನು ಫೋನಿಗೆ ಸಿಂಕ್ ಮಾಡಿಟ್ಟರೆ ಈ ವಿವರ ಇಂಟರ್‌ನೆಟ್‌ನಿಂದ ಮೊದಲೇ ಇಳಿದಿರುತ್ತದೆ, ಬೆಳಗ್ಗೆ ಬೇಗ ಸಿಗುತ್ತದೆ. ಬಾಲ್ಕನಿಯಲ್ಲಿ ನಿಂತು ಕಾಯಬೇಡಿ, ರಸ್ತೆಗೆ ಬನ್ನಿ.

ಬ್ಯಾಟರಿ ಬಗ್ಗೆ ಡಬ್ಬಿ ಮೇಲಿನ ‘14 ದಿನ’ ನಂಬುವ ಮುಂಚೆ ಜಿಪಿಎಸ್ ಹಾಕಿದಾಗ ಎಷ್ಟು ಗಂಟೆ ಅಂತ ನೋಡಿ. ಅದು ಬೇರೆ ಸಂಖ್ಯೆ. ಉದಾಹರಣೆಗೆ ಗಾರ್ಮಿನ್ ಫೋರ್‌ರನ್ನರ್ 55ಕ್ಕೆ ಕಂಪನಿ ಹೇಳುವುದು ಸುಮ್ಮನೆ ಕಟ್ಟಿಕೊಂಡರೆ ಎರಡು ವಾರ, ಜಿಪಿಎಸ್ ಓಡಿಸಿದರೆ 20 ಗಂಟೆ. ಮೂರು ವರ್ಷ ಹಳೆಯದಾದ ಮೇಲೆ ಈ ಗಂಟೆಗಳು ಕರಗುತ್ತಾ ಹೋಗುತ್ತವೆ.

ದಾರಿ ದಾಖಲಾಗುತ್ತದೆ ಅನ್ನುವುದಕ್ಕೆ ಇನ್ನೊಂದು ಮುಖ ಇದೆ. 2018ರ ಜನವರಿಯಲ್ಲಿ ಓಟದ ದಾರಿ ದಾಖಲಿಸುವ ಸ್ಟ್ರಾವಾ ಆ್ಯಪ್‌ನವರು ಹಿಂದಿನ ವರ್ಷ ಪ್ರಕಟಿಸಿದ್ದ ಮ್ಯಾಪಿನಲ್ಲಿ ಸೈನಿಕರ ಓಟದ ಗೆರೆಗಳು ಸೇನಾ ನೆಲೆಗಳನ್ನೇ ತೋರಿಸಿಬಿಟ್ಟಿವೆ ಅಂತ ಜಗತ್ತಿನಾದ್ಯಂತ ಗದ್ದಲ ಆಯಿತು. ನಮ್ಮದೇನು ಸೇನಾ ನೆಲೆ ಅಲ್ಲ ನಿಜ. ಆದರೆ ದಿನಾ ಐದೂಕಾಲಿಗೆ ಇದೇ ಮನೆಯಿಂದ ಹೊರಟು ಇದೇ ದಾರಿಯಲ್ಲಿ ಹೋಗುತ್ತಾರೆ ಅಂತ ಕಂಡವರಿಗೆಲ್ಲ ಗೊತ್ತಾಗಬೇಕಾ? ಇಂಥ ಆ್ಯಪ್‌ಗಳಲ್ಲಿ ಮನೆ ಹತ್ತಿರದ ಭಾಗ ಮುಚ್ಚಿಡುವ ಸೆಟ್ಟಿಂಗ್ ಹುಡುಕಿ ಹಾಕಿಕೊಳ್ಳಿ. ವಾಚು ಕನೆಕ್ಟೆಡ್ ಆಗಲಿ, ಬಿಲ್ಟ್-ಇನ್ ಆಗಲಿ, ಇದು ಎರಡಕ್ಕೂ ಅನ್ವಯಿಸುತ್ತದೆ.

ಕೊಳ್ಳುವ ಮುಂಚೆ ಒಂದು ವಾರ ಹೀಗೆ ಮಾಡಿ ನೋಡಿ. ಈಗಿರುವ ಫೋನಿನಲ್ಲೇ ಒಂದು ಉಚಿತ ಆ್ಯಪ್ ಹಾಕಿಕೊಂಡು ನಡೆಯಿರಿ, ಓಡಿ. ಫೋನ್ ಭಾರ ಅನ್ನಿಸದಿದ್ದರೆ ಜಿಪಿಎಸ್ ಇಲ್ಲದ ವಾಚು ಸಾಕು, ಉಳಿದ ದುಡ್ಡಲ್ಲಿ ಒಳ್ಳೆಯ ಶೂ ತಗೊಳ್ಳಿ. ಮೂರನೇ ದಿನಕ್ಕೇ ‘ಇದನ್ನ ಎಲ್ಲಾದ್ರೂ ಎಸೀಬೇಕು’ ಅನ್ನಿಸಿದರೆ ಬಿಲ್ಟ್-ಇನ್ ಕಡೆ ಹೋಗಿ. ಆನ್‌ಲೈನ್‌ನಲ್ಲಿ ತರಿಸಿದರೆ ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ ಪರೀಕ್ಷೆ ಮಾಡಬೇಕು. ಅದಕ್ಕೆ ಟ್ರ್ಯಾಕ್ ಬೇಡ, ದೂರ ಗೊತ್ತಿರುವ ನೇರ ರಸ್ತೆ ಬೇಕು. ಫೋನ್ ಮನೆಯಲ್ಲೇ ಬಿಟ್ಟು ಹೋಗಿ, ಡಬ್ಬಿ ಮೇಲೆ ಬರೆದಿದ್ದು ನಿಜವಾ ಅಂತಲೂ ಗೊತ್ತಾಗುತ್ತದೆ. ಎರಡು ಕಿಲೋಮೀಟರಿಗೆ 30, 40 ಮೀಟರ್ ಆಚೀಚೆ ಬಂದರೆ ಇಟ್ಟುಕೊಳ್ಳಿ. 200 ಮೀಟರ್ ವ್ಯತ್ಯಾಸ ಬಂದರೆ ಇನ್ನೊಂದು ದಿನ ನೋಡಿ, ಆಗಲೂ ಹಾಗೇ ಇದ್ದರೆ ವಾಪಸ್ ಕಳಿಸಿ. ಡಬ್ಬಿ, ಬಿಲ್ಲು ಅಲ್ಲಿವರೆಗೆ ಎಸೆಯಬೇಡಿ.